ಸೊಸೆವೂರ ಕಥೆಯೂ ನಾಗರಿಕತೆಯ ಉಗಮವಿಚಾರವೂ

ನಾಗರಿಕತೆಯೆಂಬ ಮಾತು ನಗರಶಬ್ದದಿಂದ ಬಂದುದು. ನಗರದಲ್ಲಿ ವಾಸಿಸುವವನು ನಾಗರಿಕ, ಅವನ ನಡೆನುಡಿಗಳು ನಾಗರಿಕತೆ ಎಂಬ ಈ ವ್ಯುತ್ಪತ್ತಿಯು ಕನ್ನಡ ಓದುಗರಿಗೆ ಹೊಸತೇನಲ್ಲ. ಆದರೆ ವ್ಯುತ್ಪತ್ತಿಯೊಂದು ಕಾಲಕ್ರಮದಲ್ಲಿ ಸಿದ್ಧಾಂತದ ಪದವಿಗೆ ಏರಿಬಿಡುವುದುಂಟು. ನಗರವಿಲ್ಲದೆಡೆ ನಾಗರಿಕತೆಯಿಲ್ಲ, ವಿಸ್ತಾರವಾದ ಬಯಲಿಲ್ಲದೆಡೆ ನಗರವಿಲ್ಲ, ಆದುದರಿಂದ ಮಲೆಯಲ್ಲಿ ಚರಿತ್ರೆಯಿಲ್ಲ ಎಂಬ ಅನುಮಾನವಾಕ್ಯವು ಬಾಯಿಬಿಟ್ಟು ಹೇಳದೆಯೇ ಅನೇಕ ಗ್ರಂಥಗಳಲ್ಲಿ ಕೆಲಸ ಮಾಡುತ್ತಿರುವುದನ್ನು ಕಾಣಬಹುದು. ಅಲಂಕಾರಿಕರೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳನ್ನು ದಂಡಿಯು ಎಣಿಸುವಾಗ ನಗರವೇ ಮೊದಲು ಬರುವುದು; ಶೈಲವು ಬರುವುದೂ ನಿಜ, ಆದರೆ ನಾಯಕನ ವಿಹಾರಕ್ಕೆ ಹೊರತು ಜನರ ವಾಸಕ್ಕಲ್ಲ. ಕನ್ನಡದ ಚಂಪೂಕವಿಗಳು ಈ ಅಷ್ಟಾದಶವರ್ಣನೆಯ ದಾರಿಯನ್ನೇ ಹಿಡಿದುದರಿಂದ ಮಲೆನಾಡಿನಲ್ಲಿ ಹುಟ್ಟಿದ ಅರಸುಮನೆತನದ ಆಶ್ರಯದಲ್ಲಿ ಬರೆದವರ ಕಾವ್ಯಗಳಲ್ಲಿ ಕೂಡ ಮಲೆನಾಡಿನ ಊರು ಕಾಣಿಸುವುದು ಅಪೂರ್ವ.

ಮಾನವನ ಆದಿ ನಾಗರಿಕತೆಗಳು ಎಲ್ಲಿ ಹುಟ್ಟಿದುವು ಎಂಬ ಪ್ರಶ್ನೆಗೆ ಪಾಠಪುಸ್ತಕಗಳು ಕೊಡುವ ಉತ್ತರವೂ ಇದಕ್ಕೆ ಒಪ್ಪುವಂತೆಯೇ ಇದೆ. ಯೂಫ್ರಟೀಸ್ ಮತ್ತು ಟೈಗ್ರಿಸ್ ನದಿಗಳ ಬಯಲಿನಲ್ಲಿ ಕ್ರಿ.ಪೂ. 3500ರ ಸುಮಾರಿನಿಂದ ಬೆಳೆದ ಉರುಕ್, ನೈಲ್ ತೀರದಲ್ಲಿ ಕ್ರಿ.ಪೂ. 3100ರ ವೇಳೆಗೆ ಒಂದಾದ ಈಜಿಪ್ಟ್, ಕ್ರಿ.ಪೂ. 2600ರಿಂದ 1900ರ ವರೆಗೆ ಉಚ್ಛ್ರಾಯದಲ್ಲಿದ್ದ ಸಿಂಧೂ ಪ್ರದೇಶದ ಹರಪ್ಪಾ, ಮೊಹೆಂಜೊದಾರೊ ಪಟ್ಟಣಗಳು, ಪೀತನದಿಯ ಕಡೆಯ ಚೀನ: ಇವೆಲ್ಲವೂ ನದೀಮಾತೃಕ ದೇಶಗಳು. ಗಾರ್ಡನ್ ಚೈಲ್ಡ್ ಎಂಬ ಪುರಾತತ್ತ್ವಜ್ಞನು 1936ರ ಗ್ರಂಥದಲ್ಲಿಯೂ 1950ರ ಪ್ರಬಂಧವೊಂದರಲ್ಲಿಯೂ ಇದನ್ನು ‘ನಗರಕ್ರಾಂತಿ’ಯೆಂದು ನಿರೂಪಿಸಿ, ಉಣ್ಣುವವರಿಗಿಂತ ಹೆಚ್ಚಾಗಿ ಬೆಳೆದ ಧಾನ್ಯವೇ ಪಟ್ಟಣದ ತಳಹದಿಯೆಂದನು. ಕಾಲುವೆಗಳನ್ನು ತೋಡಿ ನೀರನ್ನು ಹಂಚುವ ಕಾರ್ಯವೇ ಪ್ರಭುತ್ವಕ್ಕೆ ಮೂಲವೆಂಬುದು 1957ರಲ್ಲಿ ವಿಟ್‌ಫೋಗೆಲನು ಮಂಡಿಸಿದ ವಾದ. ಕಾರ್ನೀರೊ ಎಂಬವನು 1970ರಲ್ಲಿ ಬೇರೊಂದು ಕಾರಣವನ್ನು ಸೂಚಿಸಿದನು: ಸುತ್ತಲೂ ಮರಳುಗಾಡೋ ಬೆಟ್ಟವೋ ಕಡಲೋ ಆವರಿಸಿದ ಕಣಿವೆಯಲ್ಲಿ ಯುದ್ಧದಲ್ಲಿ ಸೋತವರಿಗೆ ಓಡಿಹೋಗಲು ಎಡೆಯಿಲ್ಲದೆ ಗೆದ್ದವರಿಗೆ ಅಧೀನರಾಗಿ ನಿಂತರು; ಆ ಅಧೀನತೆಯೇ ರಾಜ್ಯವಾಯಿತು.

ಈ ವಾದಗಳಲ್ಲಿ ಸತ್ಯಾಂಶ ಬಹಳವಿದೆ. ಆದರೆ ಅವು ಹೇಳುವುದು ಪೂರ್ಣತೆಯ ಸ್ಥಳವನ್ನೇ ಹೊರತು ಪ್ರಾರಂಭದ ಸ್ಥಳವನ್ನಲ್ಲ. ಗೋದಿ, ಜವೆಗೋದಿಗಳು ತಾವಾಗಿ ಬೆಳೆಯುತ್ತಿದ್ದುದು ಮೆಸೊಪೊಟೇಮಿಯದ ಬಯಲಿನಲ್ಲಲ್ಲ, ಅದರ ಅಂಚಿನ ಬೆಟ್ಟಗಳ ಇಳಿಜಾರುಗಳಲ್ಲಿ. ಬ್ರೇಡ್‌ವುಡ್ ಎಂಬ ವಿದ್ವಾಂಸನು 1948ರಿಂದ ಜಾರ್ಮೊ ಎಂಬೆಡೆಯಲ್ಲಿ ನೆಲವನ್ನಗೆದು ಹುಡುಕಿದುದು ಈ ಮಾತನ್ನೇ. ತುರ್ಕಿಯ ಉರ್ಫಾ ಪಟ್ಟಣದ ಬಳಿ ಗೋಬೆಕ್ಲಿ ತೆಪೆ ಎಂಬ ದಿಣ್ಣೆಯಲ್ಲಿ 1995ರಿಂದ ನಡೆದ ಉತ್ಖನನದಲ್ಲಿ ಕ್ರಿ.ಪೂ. 9500ರ ಸುಮಾರಿಗೆ ಆರಂಭವಾದ, ಮೃಗಪಕ್ಷಿಗಳನ್ನು ಕೆತ್ತಿದ ಭಾರಿ ಕಲ್ಲುಕಂಬಗಳ ಮಂಡಲಗಳು ಹೊರಬಿದ್ದಿವೆ. ಅವುಗಳನ್ನು ನಿಲ್ಲಿಸಿದವರು ಬೇಟೆಯಿಂದಲೂ ಕಾಡಿನ ಕಾಳುಗಳಿಂದಲೂ ಬದುಕುತ್ತಿದ್ದವರು. ಮಡಕೆಯಾಗಲಿ ಲೋಹವಾಗಲಿ ಅವರಿಗಿರಲಿಲ್ಲ. ಕರ್ನಾಟಕದ ನಿದರ್ಶನವೂ ಇದೇ ದಿಕ್ಕಿಗೆ ಕೈತೋರಿಸುವುದು. ಬ್ರಹ್ಮಗಿರಿ, ಮಸ್ಕಿ, ಸಂಗನಕಲ್ಲು, ತೆಕ್ಕಲಕೋಟೆಗಳ ನವಶಿಲಾಯುಗದ ಜನರು ದನಕರುಗಳನ್ನು ಸಾಕುತ್ತ, ಹುರುಳಿ, ಹೆಸರು, ಕೊರಲೆಗಳಂಥ ಧಾನ್ಯಗಳನ್ನು ಬೆಳೆಯುತ್ತ ನೆಲಸಿದುದು ಮಹಾನದಿಯ ಮಡಿಲಲ್ಲಲ್ಲ, ಕಣಶಿಲೆಯ ಗುಡ್ಡಗಳ ಮೇಲೂ ಬುಡದಲ್ಲಿಯೂ. ಕ್ರಿ.ಪೂ. ಮೂರನೆಯ ಸಹಸ್ರಮಾನದಲ್ಲಿ ಅವರು ಬಿಟ್ಟುಹೋದ ಬೂದಿದಿಬ್ಬಗಳು ಇಂದಿಗೂ ಬಳ್ಳಾರಿ ರಾಯಚೂರು ಸೀಮೆಗಳಲ್ಲಿವೆ.

ಇಷ್ಟನ್ನು ಪೀಠಿಕೆಯಾಗಿ ಹೇಳಿದುದು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಗಳಿಗೆ ಬರುವ ಸಲುವಾಗಿ. ಈ ಸೀಮೆಯ ಚರಿತ್ರೆಯು ಕಾಫಿಯೊಡನೆ ಮೊದಲಾಗುವುದೆಂಬ ಭಾವನೆ ಓದಿದವರಲ್ಲಿಯೂ ಇಲ್ಲದಿಲ್ಲ. ಬಾಬಾಬುಡನ್ ತಂದನೆಂದು ಐತಿಹ್ಯವು ಹೇಳುವ ಏಳು ಬೀಜಗಳು, ಹತ್ತೊಂಬತ್ತನೆಯ ಶತಮಾನದ ಯೂರೋಪಿಯನ್ ತೋಟಗಾರರು, 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಕಾಫಿ ಸಂಶೋಧನಾಲಯ: ಇದೇ ಅದರ ಕಾಲಕ್ರಮ. ನೆರೆಯ ಮಂಜರಾಬಾದು ಸೀಮೆಯಲ್ಲಿ ತೋಟ ಮಾಡಿದ ಎಲಿಯಟ್ ಎಂಬವನು 1871ರಲ್ಲಿ ಅಚ್ಚುಹಾಕಿಸಿದ ತನ್ನ ಪುಸ್ತಕಕ್ಕೆ ‘ಮೈಸೂರಿನ ಕಾಡುಗಳಲ್ಲಿ ತೋಟಗಾರನೊಬ್ಬನ ಅನುಭವಗಳು’ ಎಂಬರ್ಥದ ಹೆಸರನ್ನಿಟ್ಟನು. ಕಾಡೆಂಬ ಮಾತು ಅವನ ಕಣ್ಣಿಗೆ ಸಹಜವೇ. ಆದರೆ ಆ ಕಾಡಿನ ನಡುವೆ, ಅದೇ ಮೂಡಿಗೆರೆ ತಾಲ್ಲೂಕಿನಲ್ಲಿ, ಅಂಗಡಿಯೆಂಬ ಹಳ್ಳಿಯಿದೆ. ಶಾಸನಗಳ ಸೊಸೆವೂರು, ಸಂಸ್ಕೃತದ ಶಶಕಪುರ ಇದೇ ಎಂದು ಲೂಯಿ ರೈಸರು ಗುರುತಿಸಿದುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವರು. ಹೊಯ್ಸಳರ ಮೂಲಸ್ಥಾನವಿದು. ಸೊಸೆ ಎಂಬ ಮಾತು ಪಂಡಿತರ ಕೈಯಲ್ಲಿ ಶಶಕವಾಗಿ, ಅಂದರೆ ಮೊಲವಾಗಿ ಮಾರ್ಪಟ್ಟಿತೆಂಬುದು ಈ ಊರಿಗೆ ಮುಂದೆ ಒದಗಿದ ಎಷ್ಟೋ ಸಂಸ್ಕಾರಗಳಲ್ಲಿ ಮೊದಲನೆಯದು.

ಸಳನ ಕಥೆ ಎಲ್ಲರಿಗೂ ತಿಳಿದುದೇ. ಸೊಸೆವೂರಿನ ದೇವಿಯ ಗುಡಿಯಲ್ಲಿ ಜೈನಮುನಿಯೊಬ್ಬನು ಇದ್ದಾಗ ಹುಲಿಯೊಂದು ಮೇಲೆ ಬಂದಿತು. ಮುನಿಯು ಬಳಿಯಲ್ಲಿದ್ದ ಸಳನಿಗೆ ಹೊಡೆಯೆಂದು ಹೇಳಿ ತನ್ನ ಕೈಯ ಸೆಳೆಯನ್ನು ಕೊಟ್ಟನು. ಸಳನು ಹೊಡೆದು ಕೊಂದನು. ‘ಪೊಯ್’ ಎಂಬ ಆಜ್ಞೆಯೂ ‘ಸಳ’ನೆಂಬ ಹೆಸರೂ ಕೂಡಿ ಪೊಯ್ಸಳ, ಆಮೇಲೆ ಹೊಯ್ಸಳ ಎಂದಾಯಿತು. ದೇವಿಯು ವಸಂತಕಾಲದಲ್ಲಿ ಪ್ರಸನ್ನಳಾದುದರಿಂದ ಆಕೆಗೆ ವಾಸಂತಿಕೆಯೆಂಬ ಹೆಸರು ಬಂದಿತು. ಹನ್ನೆರಡನೆಯ ಶತಮಾನದ ಶಾಸನಗಳಿಂದ ಮುಂದಕ್ಕೆ ಈ ವೃತ್ತಾಂತವು ಮತ್ತೆ ಮತ್ತೆ ಬರುವುದು. ಒಂದರಲ್ಲಿ ಮುನಿಯು ಸುದತ್ತ, ಇನ್ನೊಂದರಲ್ಲಿ ವರ್ಧಮಾನ.

ಚರಿತ್ರಕಾರರು ಈ ಕಥೆಯ ಮೇಲೆ ಕೊಟ್ಟಿರುವ ತೀರ್ಪು ಪ್ರತಿಕೂಲವಾದುದು, ಕಾರಣವೂ ಬಲವಾದುದು. ಚಿಕ್ಕಮಗಳೂರಿನ ಕಡೆಯ ಮರ್ಲೆಯಲ್ಲಿ ದೊರೆತ ಕ್ರಿ.ಶ. 950ರ ಶಾಸನದಲ್ಲಿಯೇ ಪೊಯ್ಸಳನೆಂಬ ಹೆಸರೂ ಅರಕೆಲ್ಲನೆಂಬ ಹಿರಿಯನ ಹೆಸರೂ ಕಾಣುವುವು. ಸಳನ ಸುದ್ದಿ ಅಲ್ಲಿಲ್ಲ. ಹೆಸರು ಮೊದಲು, ಕಥೆ ಆಮೇಲೆ ಎಂಬುದು ಇದರಿಂದ ಸಿದ್ಧವಾಗುವುದು. ಶಾಸನಗಳಲ್ಲಿ ಹೇಳಿಕೊಂಡಿರುವ ಯದುವಂಶದ ಸಂಬಂಧ, ದ್ವಾರಾವತಿಯ ಒಡೆತನ ಮೊದಲಾದುವೂ ಹಾಗೆಯೇ ತಡವಾಗಿ ಸೇರಿದ ಆಭರಣಗಳು. 1950ರಲ್ಲಿ ಪ್ರಕಟವಾದ ಕೊಯೆಲ್ಹೊ ಅವರ ಗ್ರಂಥವೂ 1957ರ ಡೆರೆಟ್ಟರ ಗ್ರಂಥವೂ ಹೊಯ್ಸಳರನ್ನು ಈ ಬೆಟ್ಟಗಳ ಸ್ವದೇಶೀಯ ನಾಯಕರೆಂದೇ ಪರಿಗಣಿಸುವುವು. ಮಲೆಪರೊಳ್‌ಗಂಡ, ಅಂದರೆ ಮಲೆಯವರಲ್ಲಿ ವೀರ ಎಂಬ ಬಿರುದನ್ನು ಅವರು ಚಕ್ರವರ್ತಿಗಳಂತೆ ಮೆರೆದ ಕಾಲದಲ್ಲಿಯೂ ಬಿಡದೆ ಧರಿಸಿದುದು ಇದಕ್ಕೆ ಪೋಷಕವಾಗಿದೆ.

ಹೀಗೆ ಕಥೆಯು ಚರಿತ್ರೆಯಾಗಿ ಅಗ್ರಾಹ್ಯವೆಂದು ತೀರ್ಮಾನವಾದ ಮೇಲೆ ಅದನ್ನು ಬದಿಗಿಟ್ಟುಬಿಡುವುದು ವಾಡಿಕೆಯಾಗಿದೆ. ಶಾಲೆಯಲ್ಲಿ ಅದನ್ನು ಹಾಗೆಯೇ ನಿಜವೆಂದು ಹೇಳುವರು. ವಿದ್ಯಾಪೀಠದಲ್ಲಿ ಹಾಗೆಯೇ ಸುಳ್ಳೆಂದು ಹೇಳುವರು. ಎರಡು ಕಡೆಯೂ ಅದನ್ನು ಓದುವುದಿಲ್ಲ. ವ್ಯುತ್ಪತ್ತಿ ಸುಳ್ಳಾದರೆ ಕಥೆಯ ಸನ್ನಿವೇಶವೂ ಸುಳ್ಳಾಗಬೇಕೆಂಬ ನಿಯಮವೇನೂ ಇಲ್ಲ. ಹೆಸರಿಗೆ ಅರ್ಥ ಹೇಳಲು ಹೊರಟ ಶಾಸನಕವಿಯು ಸಾವಿರ ಕಥೆಗಳನ್ನು ಕಲ್ಪಿಸಬಹುದಾಗಿದ್ದಿತು. ಕೇಳುವವರು ಒಪ್ಪುವಂಥ ಸನ್ನಿವೇಶವನ್ನೇ ಅವನು ಆರಿಸಬೇಕಾಗಿದ್ದಿತೆಂಬುದು ಮಾತ್ರ ನಿಶ್ಚಯ.

ಇದನ್ನು ಪರೀಕ್ಷಿಸಲು ಕನ್ನಡ ನಾಡಿನ ಇನ್ನೆರಡು ವಂಶೋತ್ಪತ್ತಿಯ ಕಥೆಗಳನ್ನು ಪಕ್ಕದಲ್ಲಿಟ್ಟು ನೋಡುವುದು ಯುಕ್ತ. ಗಂಗರ ಕಥೆಯಲ್ಲಿ ಸಿಂಹನಂದಿ ಎಂಬ ಜೈನಾಚಾರ್ಯನು ಕೊಟ್ಟ ಕತ್ತಿಯಿಂದ ಮಾಧವನು ಕಲ್ಲಿನ ಕಂಬವನ್ನು ಒಂದೇ ಏಟಿಗೆ ಕಡಿಯುವನು. ಹೊಂಬುಚ್ಚದ ಸಾಂತರರ ಕಥೆಯಲ್ಲಿ ಉತ್ತರದ ಮಧುರೆಯಿಂದ ಓಡಿಬಂದ ಜಿನದತ್ತನಿಗೆ ಲಕ್ಕಿಯ ಗಿಡದ ಬಳಿ ನೆಲಸಿದ ಪದ್ಮಾವತಿಯು ಕಬ್ಬಿಣವನ್ನು ಹೊನ್ನಾಗಿಸುವ ವರವನ್ನು ಕೊಡುವಳು. ಮೂರರಲ್ಲಿಯೂ ಅಚ್ಚು ಒಂದೇ: ಒಬ್ಬ ತರುಣ, ಒಬ್ಬ ಜೈನಗುರು ಅಥವಾ ಜೈನಯಕ್ಷಿ, ಒಂದು ಅದ್ಭುತ. ಈ ಅಚ್ಚು ಜೈನರದೆಂಬುದರಲ್ಲಿ ಸಂದೇಹವಿಲ್ಲ. ರಾಜ್ಯಗಳ ಹುಟ್ಟಿನಲ್ಲಿ ತಮ್ಮ ಧರ್ಮಕ್ಕೆ ಪಾಲುಂಟೆಂದು ತೋರಿಸುವುದು ಬರೆದವರ ಉದ್ದೇಶವಾಗಿದ್ದಿರಬೇಕು. ಆದರೆ ಅಚ್ಚಿನೊಳಗೆ ಎರೆದ ಲೋಹ ಮೂರು ಕಡೆಯೂ ಬೇರೆ. ಗಂಗರಿಗೆ ಕಲ್ಲಿನ ಕಂಬ, ಸಾಂತರರಿಗೆ ಕಬ್ಬಿಣ, ಹೊಯ್ಸಳರಿಗೆ ಹುಲಿ. ಮೂರರಲ್ಲಿ ಹುಲಿಯೊಂದೇ ಗುರುವಾಗಲಿ ದೇವಿಯಾಗಲಿ ಏರ್ಪಡಿಸದೆ ತಾನಾಗಿ ಬಂದುದು. ಕಂಬವು ಬಲದ ಪರೀಕ್ಷೆಗಾಗಿ ನಿಂತುದು, ಹೊನ್ನು ವರದಿಂದ ಬಂದುದು. ಹುಲಿಯು ಕಾಡಿನ ಅಂಚಿನ ಊರಿಗೆ ದಿನದಿನದ ಸಂಕಟ. ಅಚ್ಚು ಎರವಲಾದರೂ ಹುಲಿಯು ಸೊಸೆವೂರಿನದೇ ಎಂದು ಹೇಳಲು ಇಷ್ಟು ಸಾಕು.

ಇನ್ನೊಂದು ಪಾಠವು ಇದಕ್ಕಿಂತ ಕುತೂಹಲಕರವಾಗಿದೆ. ರೈಸರು 1897ರಲ್ಲಿ ಪರಿಷ್ಕರಿಸಿ ಹೊರಡಿಸಿದ ಮೈಸೂರು ಗೆಜೆಟಿಯರಿನಲ್ಲಿ ಕೊಟ್ಟಿರುವ ಸ್ಥಳೀಯ ವೃತ್ತಾಂತದ ಪ್ರಕಾರ ಹುಲಿಯ ಬಾಧೆ ತಪ್ಪಿದ ಊರವರು ಮುನಿಯ ಮಾತಿನಂತೆ ತಾವು ಬೆಳೆದ ಧಾನ್ಯದ ಲೆಕ್ಕದ ಮೇಲೆ ಸಳನಿಗೆ ಸಣ್ಣದೊಂದು ಕಾಣಿಕೆಯನ್ನು ಸಲ್ಲಿಸತೊಡಗಿದರು. ಅದು ವರ್ಷವರ್ಷಕ್ಕೂ ಏರುತ್ತ ಹೋಯಿತು. ಆ ಹಣದಿಂದ ಸಳನು ದಂಡನ್ನು ಕೂಡಿಸಿದನು. ಈ ಪಾಠವನ್ನು ಶಾಸನಗಳ ಪಾಠದೊಡನೆ ಬೆರಸಕೂಡದು. ಶಾಸನಗಳು ಹನ್ನೆರಡನೆಯ ಶತಮಾನದ ಆಸ್ಥಾನದವು. ಇದು ಬಹುಕಾಲದ ಮೇಲೆ, ಅರಸರು ಹೋಗಿ ತೆರಿಗೆ ಮಾತ್ರ ಉಳಿದಿದ್ದ ಹಳ್ಳಿಗಳಲ್ಲಿ ಹಬ್ಬಿದ ಮಾತಾಗಿರಬಹುದು. ಆದರೂ ರಾಜ್ಯವು ಹೇಗೆ ಹುಟ್ಟುವುದೆಂಬುದಕ್ಕೆ ಕನ್ನಡದಲ್ಲಿ ಇಷ್ಟು ಸಂಕ್ಷೇಪವಾದ, ಇಷ್ಟು ನಿರ್ಮೋಹವಾದ ವಿವರಣೆ ಇನ್ನೊಂದು ದೊರೆಯುವುದು ಕಷ್ಟ. ರಕ್ಷಣೆ, ಅದಕ್ಕೆ ಪ್ರತಿಯಾಗಿ ಧಾನ್ಯದ ಮೇಲಣ ಹಣ, ಹಣದಿಂದ ದಂಡು, ದಂಡಿನಿಂದ ಇನ್ನಷ್ಟು ಹಣ. ಹುಲಿ ಸತ್ತಿತು, ಕಾಣಿಕೆ ಮಾತ್ರ ಏರಿತು! ಆಸ್ಥಾನಕವಿಯು ಪರಾಕ್ರಮವನ್ನು ಕಂಡೆಡೆಯಲ್ಲಿ ಒಕ್ಕಲಿನವನು ಲೆಕ್ಕವನ್ನು ಕಂಡನು. ಉರುಕಿನ ಅತ್ಯಂತ ಪ್ರಾಚೀನವಾದ ಜೇಡಿಮಣ್ಣಿನ ಬರವಣಿಗೆಯಲ್ಲಿಯೂ ಬಹುಭಾಗ ಧಾನ್ಯ, ಕುರಿ, ಕೂಲಿಗಳ ಲೆಕ್ಕವೇ ಇರುವುದೆಂಬುದನ್ನು ಬಲ್ಲವರಿಗೆ ಈ ಗ್ರಾಮೀಣ ಪಾಠವು ಅಪರಿಚಿತವೆನಿಸದು.

ಧಾನ್ಯವನ್ನು ಕುರಿತು ಇಲ್ಲಿ ಒಂದು ಆಕ್ಷೇಪ ಹುಟ್ಟುವುದು. ಮಲೆನಾಡಿನಲ್ಲಿ ಧಾನ್ಯವೆಲ್ಲಿ? ಜೇಮ್ಸ್ ಸ್ಕಾಟ್ ಎಂಬ ವಿದ್ವಾಂಸನು 2009ರ ಗ್ರಂಥದಲ್ಲಿ ಆಗ್ನೇಯ ಏಷ್ಯದ ಬೆಟ್ಟಸೀಮೆಗಳನ್ನು ಕುರಿತು ಬರೆಯುತ್ತ, ಬತ್ತದ ಬಯಲೇ ಪ್ರಭುತ್ವದ ನೆಲೆ, ಬೆಟ್ಟವು ಪ್ರಭುತ್ವದಿಂದ ತಪ್ಪಿಸಿಕೊಂಡವರ ನೆಲೆ ಎಂದು ವಾದಿಸಿರುವನು. ಈ ವಾದವನ್ನು ಹಾಗೆಯೇ ತಂದು ಮೂಡಿಗೆರೆಗೆ ಹೊದಿಸಿದರೆ ಸೊಸೆವೂರು ಹುಟ್ಟಲೇಬಾರದಾಗಿದ್ದಿತು. ಆದರೆ ಮಲೆನಾಡು ಬರಿಯ ಬೆಟ್ಟವಲ್ಲ. ಎರಡು ಗುಡ್ಡಗಳ ನಡುವೆ ನೀರು ಇಳಿದು ನಿಲ್ಲುವ ಕಿರಿದಾದ ತಗ್ಗುಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಗದ್ದೆ, ಗದ್ದೆಯಂಚಿನಲ್ಲಿ ಅಡಕೆ, ಮೇಲೆ ಮನೆ, ಅದರ ಮೇಲೆ ಕಾಡು: ಈ ಏರ್ಪಾಡಿನಲ್ಲಿ ಬತ್ತಕ್ಕೆ ಕಾಲುವೆಯ ಅಧಿಕಾರಿ ಬೇಕಿಲ್ಲ, ಮಳೆ ಸಾಕು. ವಿಟ್‌ಫೋಗೆಲನ ನೀರಿನ ಪ್ರಭುತ್ವಕ್ಕೆ ಇಲ್ಲಿ ಎಡೆಯಿಲ್ಲ. ಕಾರ್ನೀರೊ ಹೇಳಿದ ಮುತ್ತಿಗೆಯೂ ಇಲ್ಲ. ಸೋತವನಿಗೆ ಮುಂದಿನ ಕಣಿವೆ ಯಾವಾಗಲೂ ಉಂಟು. ಹಾಗಾದರೆ ಜನರನ್ನು ಒಂದೆಡೆ ಹಿಡಿದು ನಿಲ್ಲಿಸಿದ ಶಕ್ತಿ ಯಾವುದು?

ಊರಿನ ಈಗಿನ ಹೆಸರೇ ಉತ್ತರದ ಒಂದು ಭಾಗವನ್ನು ಹೇಳುವಂತಿದೆ. ಅಂಗಡಿಯೆಂದರೆ ಮಾರಾಟದ ಸ್ಥಳ. ಘಟ್ಟದ ಕೆಳಗಣ ತುಳುನಾಡಿಗೂ ಮೇಲಣ ಬೇಲೂರಿನ ಬಯಲಿಗೂ ನಡುವಣ ಸೀಮೆಯಲ್ಲಿ ಈ ಊರಿದೆ. ಮೆಣಸು, ಏಲಕ್ಕಿ, ಅಡಕೆಗಳು ಬೆಳೆದಲ್ಲಿ ಉಣ್ಣುವ ಪದಾರ್ಥಗಳಲ್ಲ, ಸಾಗಿಸಿ ಮಾರತಕ್ಕವು. ಕಡಲ ಕಡೆಯಿಂದ ಬರತಕ್ಕದ್ದು ಉಪ್ಪು. ದಾರಿಯನ್ನು ಕಾಯುವವನಿಗೆ ಗದ್ದೆಯ ಕಾಣಿಕೆಗಿಂತ ದಾರಿಯ ಸುಂಕವು ಹೆಚ್ಚು ಲಾಭಕರವಾಗಿದ್ದಿರಬೇಕು. ಹೆಸರೊಂದರ ಮೇಲೆ ಇಡೀ ಸಿದ್ಧಾಂತವನ್ನು ಕಟ್ಟುವುದು ಸಳನ ವ್ಯುತ್ಪತ್ತಿಯನ್ನು ಕಟ್ಟಿದವರ ಹಾದಿಯನ್ನೇ ಹಿಡಿದಂತಾಗುವುದರಿಂದ ಇದನ್ನು ಊಹೆಯೆಂದೇ ಇಡತಕ್ಕದ್ದು. ಉತ್ತರದ ಇನ್ನೊಂದು ಭಾಗವಾದ ಗುಡಿಯು ಮಾತ್ರ ಊಹೆಯಲ್ಲ. ಅಂಗಡಿಯ ಬಸದಿಗಳೂ ಅಲ್ಲಿನ ಜೈನಮುನಿಗಳ ಶಾಸನಗಳೂ ಹೊಯ್ಸಳರು ದೊಡ್ಡವರಾಗುವುದಕ್ಕೆ ಮುಂಚೆಯೇ ಅಲ್ಲಿ ಗುರುಪೀಠವಿದ್ದುದನ್ನು ಸೂಚಿಸುವುವು. ಕಥೆಯಲ್ಲಿಯೂ ಕ್ರಮ ಹೀಗೆಯೇ ಇರುವುದನ್ನು ಗಮನಿಸಬೇಕು. ಮೊದಲು ದೇವಿ, ಆಮೇಲೆ ಗುರು, ಅದರ ಮೇಲೆ ಹುಲಿ, ಕೊನೆಗೆ ಅರಸು. ಅರಮನೆಯ ಸುದ್ದಿಯೇ ಇಲ್ಲ. ಧಾನ್ಯದ ರಾಶಿಗಿಂತ ಮೊದಲು ಆರಾಧನೆಯ ಕಲ್ಲುಕಂಬಗಳು ನಿಂತ ಗೋಬೆಕ್ಲಿ ತೆಪೆಗೂ ಸೊಸೆವೂರಿಗೂ ಸಂಬಂಧವನ್ನು ಕಲ್ಪಿಸುವುದು ಹಾಸ್ಯಾಸ್ಪದ. ಆದರೆ ಜನರು ಮೊದಲು ಕೂಡಿದುದು ಎಲ್ಲಿ ಎಂಬ ಪ್ರಶ್ನೆ ಎರಡೆಡೆಯೂ ಒಂದೇ.

ಸೊಸೆವೂರನ್ನು ಆದಿನಾಗರಿಕತೆಗಳ ಪಂಕ್ತಿಯಲ್ಲಿ ಕೂರಿಸುವುದು ಇಲ್ಲಿಯ ವಾದವಲ್ಲ. ಹತ್ತನೆಯ ಶತಮಾನದ ಮಲೆಪರು ಬರವಣಿಗೆಯನ್ನಾಗಲಿ ಧರ್ಮವನ್ನಾಗಲಿ ದಂಡಿನ ಕ್ರಮವನ್ನಾಗಲಿ ಹೊಸದಾಗಿ ಕಂಡುಹಿಡಿದವರಲ್ಲ. ಗಂಗರೂ ರಾಷ್ಟ್ರಕೂಟರೂ ಚಾಲುಕ್ಯರೂ ಬಯಲಿನಲ್ಲಿ ಅವುಗಳನ್ನು ಬೆಳೆಸಿದ್ದರು. ನೃಪಕಾಮನು ರಾಚಮಲ್ಲ ಪೆರ್ಮಾನಡಿ ಎಂಬ ಗಂಗರ ಹೆಸರನ್ನೇ ತಾಳಿದುದರಿಂದ ಹೊಸ ಮನೆತನವು ಯಾರ ಕಡೆ ನೋಡುತ್ತಿದ್ದಿತೆಂಬುದು ತಿಳಿಯುವುದು. ಆದರೆ ಉರುಕಿನ ಮೊದಲ ಅರಸನ ಅಜ್ಜನು ಏನಾಗಿದ್ದನೆಂದು ತಿಳಿಯುವ ಉಪಾಯವಿಲ್ಲ. ಸೊಸೆವೂರಿನಲ್ಲಿಯಾದರೋ ಹಳ್ಳಿಯ ನಾಯಕನು ನಾಲ್ಕೈದು ತಲೆಮಾರುಗಳಲ್ಲಿ ಮಹಾಮಂಡಲೇಶ್ವರನಾಗುವುದು ಕಲ್ಲಿನ ಮೇಲೆ ಮಿತಿಸಮೇತವಾಗಿ ಕಾಣುವುದು. ಸಾಹಿತ್ಯದ ಅಧ್ಯಾಪಕರಿಗೂ ಚರಿತ್ರೆಯ ಅಧ್ಯಾಪಕರಿಗೂ ಈ ಕಥೆಯಿಂದ ಆಗಬಹುದಾದ ಪ್ರಯೋಜನ ಇದರಲ್ಲಿದೆ.

ಈ ಬೆಳವಣಿಗೆಯ ಬೆಲೆಯನ್ನು ಶಾಸನಗಳೇ ಅರಿಯದೆ ಹೇಳಿಬಿಟ್ಟಿವೆ. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ವಿನಯಾದಿತ್ಯನ ಬಸದಿನಿರ್ಮಾಣವನ್ನು ಹೊಗಳುವ ಶ್ರವಣಬೆಳ್ಗೊಳದ ಶಾಸನವೊಂದರ ಆಶಯವಿದು: ಇಟ್ಟಿಗೆಗಾಗಿ ಅಗೆದ ಗುಂಡಿಗಳು ಕೆರೆಗಳಾದುವು, ಕಲ್ಲಿಗಾಗಿ ಒಡೆದ ಬೆಟ್ಟಗಳು ನೆಲಸಮವಾದುವು, ಗಾರೆಯ ಬಂಡಿಗಳು ಹರಿದ ದಾರಿಗಳು ಹಳ್ಳಗಳಾದುವು. ಉತ್ಪ್ರೇಕ್ಷೆಯೆಂದು ಅಲಂಕಾರಶಾಸ್ತ್ರಜ್ಞನು ಇದನ್ನು ಮೆಚ್ಚಿ ಮುಂದೆ ಹೋಗುವನು. ಬೆಟ್ಟವು ಸಮವಾಗುವುದನ್ನೇ ಏಳಿಗೆಯೆಂದು ಕೊಂಡಾಡಿದ ಈ ಹೊಗಳಿಕೆಯು ಮಲೆಪರೊಳ್‌ಗಂಡರ ಮನೆತನಕ್ಕೆ ಸೇರಿದ್ದೆಂಬುದನ್ನು ನೆನೆದರೆ ಮಾತ್ರ ಅದರ ಪೂರ್ಣಾರ್ಥ ಹೊಳೆಯುವುದು. ಮನೆತನವು ಆಗಲೇ ಬಯಲಿಗೆ ಇಳಿಯತೊಡಗಿದ್ದಿತು. ಸೊಸೆವೂರಿನಿಂದ ಬೇಲೂರಿಗೆ, ದೋರಸಮುದ್ರಕ್ಕೆ ಅರಸರ ಬೀಡು ಸಾಗಿತು. 1116ರಲ್ಲಿ ವಿಷ್ಣುವರ್ಧನನು ತಲಕಾಡನ್ನು ಹಿಡಿದನು. ಮರುವರ್ಷ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಹೊಸ ರಾಜಧಾನಿಯ ಹೆಸರಿನಲ್ಲಿಯೇ ಸಮುದ್ರದಂಥ ಕೆರೆಯಿದೆ. ಕಾಲುವೆ ಕೆರೆಗಳ ಪ್ರಭುತ್ವವು ಅಲ್ಲಿ ಆರಂಭವಾಯಿತೆನ್ನಬಹುದು. ಆದರೆ ಆರಂಭಿಸಿದವರು ಆಗಲೇ ಅರಸರಾಗಿದ್ದರು.

ಕಳಸದ ಕಡೆಯೂ ಇಂಥದೇ ಇಳಿತವೊಂದು ನಡೆಯಿತು, ಆದರೆ ದಿಕ್ಕು ಪಡುವಣದ್ದು. ಹೊಂಬುಚ್ಚದ ಸಾಂತರರ ಶಾಖೆ ಭದ್ರೆಯ ದಡದ ಕಳಸದಲ್ಲಿ ನೆಲಸಿ, ಮುಂದೆ ಕಳಸ ಕಾರ್ಕಳಗಳ ಭೈರರಸರೆನಿಸಿ ಘಟ್ಟವನ್ನಿಳಿಯಿತು. 1432ರಲ್ಲಿ ವೀರಪಾಂಡ್ಯನು ಗೊಮ್ಮಟನನ್ನು ನಿಲ್ಲಿಸಿದುದು ಕಾರ್ಕಳದಲ್ಲಿ. ತುಂಗೆ ಭದ್ರೆಗಳೂ ಹೇಮಾವತಿಯೂ ಹುಟ್ಟುವುದು ಈ ಬೆಟ್ಟಗಳಲ್ಲಿಯೇ. ಮೊದಲಿನ ಎರಡು ಕೃಷ್ಣೆಗೆ, ಕೊನೆಯದು ಕಾವೇರಿಗೆ. ನದಿಗಳ ಹುಟ್ಟಿನಲ್ಲಿ ನಾಗರಿಕತೆಯನ್ನು ಯಾರೂ ಹುಡುಕುವುದಿಲ್ಲ, ಮೈದುಂಬಿದಲ್ಲಿ ಹುಡುಕುವರು.

ಬೇಲೂರಿನ ಬಾಗಿಲಲ್ಲಿಯೂ ಹಳೇಬೀಡಿನಲ್ಲಿಯೂ ಸಳನು ಮೃಗವನ್ನು ಇರಿಯುವ ಶಿಲ್ಪವು ರಾಜಲಾಂಛನವಾಗಿ ನಿಂತಿದೆ. ಶಾಸನಗಳು ಅದನ್ನು ಹುಲಿಯೆಂದೇ ಕರೆಯುವುವು. ಶಿಲ್ಪಿಯು ಕೆತ್ತಿರುವ ಮೃಗಕ್ಕಾದರೋ ಸುರುಳಿಸುರುಳಿಯಾದ ಕೇಸರವಿದೆ. ನೋಡಿದವರು ಅದನ್ನು ಸಿಂಹವೆನ್ನುವರು. ಸಿಂಹವು ಸಿಂಹಾಸನದ ಮೃಗ, ಶಿಲ್ಪಶಾಸ್ತ್ರವು ಬಲ್ಲ ಮೃಗ. ಸೊಸೆವೂರ ಕಾಡಿನಲ್ಲಿ ಅದು ಇದ್ದುದಿಲ್ಲ. ಅಂಗಡಿಯಲ್ಲಿ ವಾಸಂತಿಕೆಯು ವಸಂತಮ್ಮನೆಂಬ ಹೆಸರಿನಲ್ಲಿ ಇಂದಿಗೂ ಊರವರಿಂದ ಪೂಜೆಗೊಳ್ಳುತ್ತಿರುವಳು.